‘ಮಿಸ್, ಇಲ್ಲಿ ನೋಡಿ’: ನಲಿ-ಕಲಿ ಕೋಣೆಯಲ್ಲಿ ನಾನು ಕಂಡಿದ್ದು, ಮಾಡಿದ್ದು

ಆರೇಳು ವರ್ಷದ ಮಕ್ಕಳಿಗೆ ಪಾಠ ಮಾಡುವವರ ಕಿವಿಯಲ್ಲಿ ದಿನವಿಡೀ ಒಂದೇ ಮಾತು: ‘ಮಿಸ್, ಇಲ್ಲಿ ನೋಡಿ.’ ಬರೆದ ಅಕ್ಷರ ತೋರಿಸಬೇಕು, ಬಿದ್ದ ಹಲ್ಲು ತೋರಿಸಬೇಕು, ಮಂಡಿ ತರಚಿದ್ದು ತೋರಿಸಬೇಕು. ಟೀಚರ್ ಗಮನಕ್ಕಾಗಿ ಮಕ್ಕಳು ಹಟ ಮಾಡುತ್ತವೆ ಅಂತ ದೊಡ್ಡವರು ಅಂದುಕೊಳ್ಳುತ್ತಾರೆ. ಸ್ವಲ್ಪ ಹತ್ತಿರದಿಂದ ನೋಡಿದರೆ ಬೇರೆಯದೇ ಕಾಣುತ್ತದೆ. ಮಗು ನನ್ನ ಕಡೆ ಪುಸ್ತಕ ಚಾಚುವಾಗ ಅದರ ಒಂದು ಕಣ್ಣು ಪಕ್ಕದ ಮಕ್ಕಳ ಮೇಲಿರುತ್ತದೆ. ಮಿಸ್ ನನ್ನದನ್ನು ನೋಡಿದರು ಅನ್ನುವುದನ್ನು ಅವರೆಲ್ಲ ನೋಡಬೇಕು. ಮಗುವಿಗೆ ಬೇಕಿರುವುದು ಅವರ ನಡುವೆ ಒಂದು ಜಾಗ. ನನ್ನ ನೋಟ ಆ ಜಾಗಕ್ಕೆ ಹೋಗುವ ದಾರಿ, ಅಷ್ಟೇ.

ಇದು ಗೊತ್ತಾದ ಮೇಲೆ ನನ್ನ ಕೆಲಸದ ರೀತಿಯೇ ಬದಲಾಯಿತು. ಏನು ಬದಲಾಯಿತು ಅನ್ನುವುದನ್ನು ಬರೆಯುತ್ತೇನೆ. ಮಕ್ಕಳ ಹೆಸರು ಬರೆಯುವುದಿಲ್ಲ. ಕೆಲವರು ಈಗ ಹೈಸ್ಕೂಲಿಗೆ ಹೋಗುತ್ತಿದ್ದಾರೆ, ಅವರ ಚಿಕ್ಕಂದಿನ ಪಾಡು ಊರಿಗೆಲ್ಲ ಗೊತ್ತಾಗಬೇಕಿಲ್ಲ.

ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ಶಿಕ್ಷಕಿ. ನಲಿ-ಕಲಿ ಅಂದರೆ ಚಿಕ್ಕ ಮಕ್ಕಳು ಆಡುತ್ತಾ, ಚಟುವಟಿಕೆ ಮಾಡುತ್ತಾ ಕಲಿಯುವ ಪದ್ಧತಿ. ಅದು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಂದರಿಂದ ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ಒಂದು ಗುಂಪಿಗೆ ನಾನು ಪೂರ್ತಿ ನೆರವಾಗಬೇಕು, ಇನ್ನೊಂದು ಗುಂಪಿಗೆ ಜೊತೆಯ ಮಕ್ಕಳೇ ಹೇಳಿಕೊಡುತ್ತಾರೆ, ಮತ್ತೊಂದು ತಾನೇ ಕಲಿಯುತ್ತದೆ. ಗೋಡೆಯ ಮೇಲೆ ಕಲಿಕೆಯ ಹಂತಗಳನ್ನು ಮೆಟ್ಟಿಲುಗಳ ಹಾಗೆ ತೋರಿಸುವ ಕಲಿಕಾ ಏಣಿ ಇರುತ್ತದೆ. ಮಗು ಯಾವ ಮೈಲಿಗಲ್ಲಿನಲ್ಲಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಪ್ರತಿ ಮಗು ತನ್ನ ವೇಗದಲ್ಲಿ ಕಲಿಯಲಿ ಅಂತ ಮಾಡಿದ ಏರ್ಪಾಡು ಇದು, ನನಗೆ ತುಂಬ ಇಷ್ಟ. ಆದರೆ ಮಕ್ಕಳು ಏನನ್ನೂ ಸುಮ್ನೆ ಬಿಡುವುದಿಲ್ಲ. ‘ನಾನು ನಿನಗಿಂತ ಮೇಲಿದ್ದೀನಿ, ನೀನಿನ್ನೂ ಕೆಳಗೆ’ ಅಂತ ಏಣಿಯ ಮುಂದೆ ನಿಂತು ಬೆರಳು ತೋರಿಸುತ್ತಾರೆ. ಮಿಸ್ ಪೂರ್ತಿ ಕೂತು ಹೇಳಿಕೊಡುವ ಗುಂಪು ಅಂದರೆ ಬರದೇ ಇರುವವರ ಗುಂಪು ಅಂತ ಅವರಿಗೆ ಯಾರೂ ಹೇಳಬೇಕಿಲ್ಲ.

ಮೊದಲು ನಾನು ಮಾಡಿದ್ದು ನೋಡುವ ಕೆಲಸ. ಇಂಟರ್‌ವೆಲ್‌ನಲ್ಲಿ ಸ್ಟಾಫ್ ರೂಮಿಗೆ ಹೋಗದೆ ಜಗುಲಿಯ ಕಂಬದ ಹತ್ತಿರ ನಿಲ್ಲುತ್ತಿದ್ದೆ, ಕೈಯಲ್ಲಿ ಒಂದು ಸಣ್ಣ ಪುಸ್ತಕ. ಯಾರು ಯಾರ ಹಿಂದೆ ಓಡುತ್ತಾರೆ, ಯಾರ ಮಾತಿಗೆ ಎಲ್ಲರೂ ನಗುತ್ತಾರೆ, ಬಿಸಿಯೂಟಕ್ಕೆ ತಟ್ಟೆ ಹಿಡಿದು ಸಾಲು ನಿಲ್ಲುವಾಗ ಯಾರು ಯಾರಿಗೆ ಜಾಗ ಹಿಡಿಯುತ್ತಾರೆ, ಇಷ್ಟೇ ಬರೆಯುತ್ತಿದ್ದೆ. ನಿಧಾನಕ್ಕೆ ಈ ವಯಸ್ಸಿನ ದೊಡ್ಡಸ್ತಿಕೆ ಯಾವುದರಿಂದ ಬರುತ್ತದೆ ಅನ್ನುವುದು ತಿಳಿಯಿತು.

ಒಂದನೇ ತರಗತಿಯಲ್ಲಿ ಅದು ವಸ್ತುಗಳಿಂದ ಬರುತ್ತದೆ. ಸಮವಸ್ತ್ರ ಸರ್ಕಾರದ್ದು, 2015-16ರಿಂದ ಶೂ ಕೂಡ ಸರ್ಕಾರದ್ದೇ, ಹಾಗಾಗಿ ಬಟ್ಟೆಯಲ್ಲಿ ಹೆಚ್ಚುಕಡಿಮೆ ಅಷ್ಟಾಗಿ ಕಾಣುವುದಿಲ್ಲ. ಮಕ್ಕಳು ಅದನ್ನು ಬೇರೆ ಕಡೆ ಹುಡುಕಿಕೊಳ್ಳುತ್ತಾರೆ. ಘಮಘಮ ಅನ್ನುವ ರಬ್ಬರ್, ಮೇಲೆ ಚಿತ್ರ ಇರುವ ಜಾಮಿಟ್ರಿ ಬಾಕ್ಸ್, ಸ್ಕೆಚ್ ಪೆನ್. ಅದನ್ನು ತಂದ ಮಗು ಎರಡು ದಿನ ರಾಜ. ಏಳನೇ ತರಗತಿಯಲ್ಲಿ ಅಣ್ಣ ಇದ್ದರೆ ಅದೊಂದು ಬಲ. ಮನೆಯಲ್ಲಿ ಹಸು ಕರು ಹಾಕಿದ್ದರೆ, ಬೆಳಗ್ಗೆ ಆ ಸುದ್ದಿ ತಂದವರ ಸುತ್ತ ಗುಂಪು ಕಟ್ಟುತ್ತದೆ. ಮೂರನೇ ತರಗತಿಗೆ ಬರುವಷ್ಟರಲ್ಲಿ ವಸ್ತುಗಳ ಬೆಲೆ ಇಳಿಯುತ್ತದೆ. ಬುಗುರಿ ಬಿಡಲು ಬರಬೇಕು, ಮರ ಹತ್ತಲು ಬರಬೇಕು, ಆಟದ ನಿಯಮ ಗೊತ್ತಿರಬೇಕು, ಮೋಸ ಮಾಡಬಾರದು. ರಬ್ಬರ್ ಕೊಟ್ಟು ಗೆಳೆತನ ಸಂಪಾದಿಸಿದ್ದ ಹುಡುಗ ಎರಡನೇ ತರಗತಿಯ ಕೊನೆಗೆ ಒಬ್ಬನೇ ಆಗಿಬಿಡುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಅಷ್ಟು ದಿನ ನಡೆದದ್ದು ಈಗ ಏಕೆ ನಡೆಯುತ್ತಿಲ್ಲ ಅಂತ ಅವನಿಗೆ ತಿಳಿಯುವುದಿಲ್ಲ, ಪಾಪ.

ನೋಡಿ ಬರೆದದ್ದು ಸಾಲದು ಅನ್ನಿಸಿ ಮಕ್ಕಳನ್ನೇ ಕೇಳತೊಡಗಿದೆ. ಒಬ್ಬೊಬ್ಬರನ್ನೇ ಹತ್ತಿರ ಕೂರಿಸಿಕೊಂಡು ‘ಯಾರ ಜೊತೆ ಕೂತು ಕೆಲಸ ಮಾಡೋಕೆ ಇಷ್ಟ? ಯಾರ ಜೊತೆ ಆಡೋಕೆ ಇಷ್ಟ? ಮೂರು ಮೂರು ಹೆಸರು ಹೇಳು’ ಅಂತ ಕೇಳುವುದು. ಹೀಗೆ ಕೇಳಿ ಗುಂಪಿನ ನಕ್ಷೆ ಬರೆಯುವ ಕ್ರಮವನ್ನು 1930ರ ದಶಕದಲ್ಲಿ ಜೇಕಬ್ ಮೊರೆನೊ ಅನ್ನುವ ಮನೋವೈದ್ಯರು ಬೆಳೆಸಿದರು. ಆಮೇಲೆ 1982ರಲ್ಲಿ ಅಮೆರಿಕದ ಕೊಯಿ, ಡಾಜ್ ಮತ್ತು ಕೊಪ್ಪೊಟೆಲ್ಲಿ ಅನ್ನುವ ಸಂಶೋಧಕರು ಮಕ್ಕಳನ್ನು ಐದು ಬಗೆಯಾಗಿ ನೋಡಿದರು: ಎಲ್ಲರಿಗೂ ಬೇಕಾದವರು, ಬಹಳ ಜನ ಬೇಡ ಅನ್ನುವವರು, ಯಾರ ಬಾಯಲ್ಲೂ ಹೆಸರು ಬರದವರು, ಕೆಲವರಿಗೆ ತುಂಬ ಬೇಕಾಗಿ ಕೆಲವರಿಗೆ ತುಂಬ ಬೇಡವಾದವರು, ನಡುವಿನವರು. ‘ಯಾರು ಬೇಡ’ ಅನ್ನುವ ಪ್ರಶ್ನೆಯನ್ನು ನಾನು ಮಾತ್ರ ಕೇಳುವುದಿಲ್ಲ. ಕೇಳಿದ ಕೂಡಲೇ ಮಗುವಿನ ತಲೆಯಲ್ಲಿ ಒಂದು ಪಟ್ಟಿ ಶುರುವಾಗುತ್ತದೆ, ಹೊರಗೆ ಹೋಗಿ ಅದನ್ನು ಹೇಳಿಯೂ ಬಿಡುತ್ತದೆ. ಬೇಡವಾದವರು ಯಾರು ಅಂತ ಅಂಗಳದಲ್ಲೇ ಕಾಣುತ್ತದಲ್ವಾ?

ಹೆಸರೇ ಬರದವರು ಕಾಣುವುದಿಲ್ಲ. ಅವರಿಗಾಗಿಯೇ ಈ ಪ್ರಶ್ನೆ ಬೇಕು. ಗಲಾಟೆ ಮಾಡುವ ಮಗು ಹೇಗೋ ನಮ್ಮ ಗಮನ ಪಡೆಯುತ್ತದೆ. ಹೇಳಿದ್ದನ್ನು ಮಾಡಿಕೊಂಡು, ಸಾಲಿನಲ್ಲಿ ಸರಿಯಾಗಿ ನಿಂತು, ಯಾರಿಗೂ ತೊಂದರೆ ಕೊಡದೆ ಮನೆಗೆ ಹೋಗುವ ಹುಡುಗಿಯ ಹೆಸರನ್ನು ಇಡೀ ಕೋಣೆಯಲ್ಲಿ ಒಬ್ಬರೂ ಹೇಳುವುದಿಲ್ಲ. ಅಂಥ ಮಕ್ಕಳಲ್ಲಿ ಕೆಲವರು ಒಬ್ಬರೇ ಇದ್ದು ಖುಷಿಯಾಗಿರುತ್ತಾರೆ, ಅವರನ್ನು ಎಳೆದಾಡಬಾರದು. ಒಬ್ಬಳು ಇಂಟರ್‌ವೆಲ್ ಪೂರ್ತಿ ಇರುವೆ ಸಾಲು ನೋಡುತ್ತಾ ಕೂರುತ್ತಿದ್ದಳು, ಮುಖದಲ್ಲಿ ನಗು ಇರುತ್ತಿತ್ತು. ಇನ್ನೊಬ್ಬಳು ಅಲ್ಲೇ ಗೋಡೆಗೆ ಒರಗಿ ಆಡುವವರನ್ನೇ ನೋಡುತ್ತಾ ಉಗುರು ಕಚ್ಚುತ್ತಿದ್ದಳು. ಇಬ್ಬರೂ ಒಂಟಿಯೇ. ನಾನು ಕೈ ಹಾಕಬೇಕಾದದ್ದು ಎರಡನೆಯವಳ ವಿಷಯಕ್ಕೆ.

ಈಗ ಆಟಕ್ಕೆ ಸೇರಿಕೊಳ್ಳುವ ವಿಷಯ. ನನ್ನ ಪ್ರಕಾರ ಈ ವಯಸ್ಸಿನಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಇದು, ನಾವು ಯಾರೂ ಕಲಿಸದ ಕೆಲಸವೂ ಇದೇ.

ಎರಡನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಲಗೋರಿ ಆಡುವಲ್ಲಿಗೆ ಓಡಿ ಬಂದು ಜೋಡಿಸಿದ್ದ ಕಲ್ಲನ್ನು ಒದ್ದು ಹೋಗುತ್ತಿದ್ದ. ಎಲ್ಲರೂ ಅಟ್ಟಿಸಿಕೊಂಡು ಹೋಗುತ್ತಿದ್ದರು. ಅವನಿಗೆ ಅದೇ ಆಟ. ದೂರು ಬಂದಾಗೆಲ್ಲ ಅವನದ್ದು ಒಂದೇ ಉತ್ತರ, ‘ನನ್ನನ್ನ ಸೇರಿಸ್ಕೊಳಲ್ಲ ಮಿಸ್.’ ಒಂದು ವಾರ ಅವನನ್ನೇ ಗಮನಿಸಿದೆ. ಒದೆಯುವ ಮುಂಚೆ ಅವನು ಪ್ರತಿ ಸಲ ಒಂದು ಪ್ರಯತ್ನ ಮಾಡುತ್ತಿದ್ದ. ಆಟ ಜೋರಾಗಿ ನಡೆಯುವಾಗ ನಡುವೆ ನುಗ್ಗಿ ‘ನಮ್ಮೂರಲ್ಲಿ ಹಿಂಗಲ್ಲ ಆಡೋದು’ ಅನ್ನುತ್ತಿದ್ದ. ಇಲ್ಲವೇ ‘ನನಗೆ ನಿನಗಿಂತ ಜೋರಾಗಿ ಎಸೆಯೋಕೆ ಬರುತ್ತೆ’ ಅನ್ನುತ್ತಿದ್ದ. ‘ಹೋಗೋ, ನೀನ್ ಬೇಡ’ ಅನ್ನುವ ಉತ್ತರ ಬಂದ ಮೇಲೆ ಕಾಲು ಏಳುತ್ತಿತ್ತು.

1981ರಲ್ಲಿ ಪುಟಾಲಾಜ್ ಮತ್ತು ಗಾಟ್ಮನ್ ಅನ್ನುವ ಇಬ್ಬರು ಸಂಶೋಧಕರು ಎರಡು, ಮೂರನೇ ತರಗತಿಯ ಮಕ್ಕಳು ಆಡುತ್ತಿರುವವರ ನಡುವೆ ಹೇಗೆ ಸೇರಿಕೊಳ್ಳುತ್ತಾರೆ ಅಂತ ನೋಡಿದ್ದಾರೆ. ಗೆಳೆಯರು ಕಡಿಮೆ ಇರುವ ಮಕ್ಕಳು ಬಂದ ಕೂಡಲೇ ತಮ್ಮ ಬಗ್ಗೆ ಹೇಳಿಕೊಳ್ಳುತ್ತಾರೆ, ಪ್ರಶ್ನೆ ಕೇಳುತ್ತಾರೆ, ತಪ್ಪು ಹುಡುಕುತ್ತಾರೆ. ಅಂದರೆ ನಡೆಯುತ್ತಿರುವ ಆಟವನ್ನು ನಿಲ್ಲಿಸಿ ತಮ್ಮ ಕಡೆ ತಿರುಗಿಸಿಕೊಳ್ಳಲು ನೋಡುತ್ತಾರೆ. ನನ್ನ ಹುಡುಗ ಮಾಡುತ್ತಿದ್ದದ್ದು ಅದೇ. ಎಲ್ಲರಿಗೂ ಬೇಕಾದ ಮಕ್ಕಳು ಹಾಗೆ ಮಾಡುವುದಿಲ್ಲ. ಸ್ವಲ್ಪ ಹೊತ್ತು ಅಂಚಿನಲ್ಲಿ ನಿಂತು ನೋಡುತ್ತಾರೆ. ಆಟ ಎಲ್ಲಿಗೆ ಬಂದಿದೆ ಅಂತ ತಿಳಿದುಕೊಂಡು, ಅದಕ್ಕೆ ಹೊಂದುವ ಏನಾದರೂ ಒಂದು ಮಾಡುತ್ತಾರೆ.

ಬೇಡ ಅನ್ನುವ ಮಕ್ಕಳ ಪರವಾಗಿಯೂ ಒಂದು ಮಾತು. ವಿಲಿಯಂ ಕೊರ್ಸಾರೊ ಅನ್ನುವ ಸಮಾಜಶಾಸ್ತ್ರಜ್ಞ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಂದು ಶಿಶುವಿಹಾರದಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಕೂತು ತಿಂಗಳುಗಟ್ಟಲೆ ನೋಡಿದರು. ಅವರು ಹೇಳುವುದು, ಮಕ್ಕಳು ಹೊಸಬರನ್ನು ತಳ್ಳುವುದು ಸ್ವಾರ್ಥಕ್ಕಲ್ಲ, ಕಟ್ಟಿಕೊಂಡ ಆಟವನ್ನು ಕಾಪಾಡಿಕೊಳ್ಳಲು ಅಂತ. ನನಗೆ ಇದು ನೂರಕ್ಕೆ ನೂರು ನಿಜ ಅನ್ನಿಸುತ್ತದೆ. ನಾಲ್ಕು ಮಕ್ಕಳು ಕಷ್ಟಪಟ್ಟು ಒಂದು ಆಟಕ್ಕೆ ಒಪ್ಪಿರುತ್ತವೆ. ಐದನೆಯವರು ಬಂದರೆ ಗುಂಪು ಮತ್ತೆ ಮಾಡಬೇಕು, ಜಗಳ ಶುರುವಾಗುತ್ತದೆ, ಅಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಹಾಗಾಗಿ ‘ಇವನನ್ನೂ ಸೇರಿಸಿಕೊಳ್ಳಿ’ ಅಂತ ನಾನು ಮೇಲಿನಿಂದ ಹೇಳುವುದಿಲ್ಲ. ಹೇಳಿದರೆ ಸೇರಿಸಿಕೊಳ್ಳುತ್ತಾರೆ. ಆದರೆ ಚೆಂಡು ಕೊಡುವುದಿಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ. ಎಂಟು ವರ್ಷದ ಮಗುವಿಗೆ ಅದು ಹೊರಗೆ ನಿಲ್ಲುವುದಕ್ಕಿಂತ ದೊಡ್ಡ ಅವಮಾನ.

ಆ ಹುಡುಗನನ್ನು ಪಕ್ಕಕ್ಕೆ ಕರೆದು ಕಂಬದ ಹತ್ತಿರ ಕೂರಿಸಿಕೊಂಡೆ. ‘ನಾವಿಬ್ಬರೂ ನೋಡೋಣ, ಏನೂ ಮಾತಾಡೋದು ಬೇಡ. ಈ ಆಟದಲ್ಲಿ ಯಾರೂ ಮಾಡದ ಕೆಲಸ ಯಾವುದು ಅಂತ ನೀನು ನನಗೆ ಹೇಳು’ ಅಂದೆ. ಲಗೋರಿಯಲ್ಲಿ ಅಂಥ ಕೆಲಸ ಒಂದಿದೆ. ಗುರಿ ತಪ್ಪಿದ ಚೆಂಡು ಬೇಲಿ ದಾಟಿ ಜೋಳದ ಹೊಲಕ್ಕೆ ಹೋಗುತ್ತದೆ. ತರಲು ಯಾರಿಗೂ ಇಷ್ಟವಿಲ್ಲ, ‘ನೀನು ಹೋಗು, ನೀನು ಹೋಗು’ ಅಂತ ನಿಲ್ಲುತ್ತಾರೆ. ಅವನು ಅದನ್ನು ತಾನಾಗಿಯೇ ಕಂಡುಕೊಂಡ. ‘ಮಿಸ್, ಚೆಂಡು.’ ಮುಂದಿನ ಸಲ ಚೆಂಡು ಹೋದಾಗ ಓಡಿ ಹೋಗಿ ತಂದು ಕೊಟ್ಟ. ಏನೂ ಹೇಳಲಿಲ್ಲ. ಇನ್ನೊಂದು ಸಲ ತಂದ. ಮೂರು ದಿನ ಬರೀ ಚೆಂಡು ತಂದ. ಆಮೇಲೆ ಒಂದು ತಂಡದಲ್ಲಿ ಒಬ್ಬರು ಕಡಿಮೆಯಾದಾಗ ‘ಬಾರೋ ಇಲ್ಲಿ’ ಅಂತ ಅವರೇ ಕರೆದರು. ಅವನು ಬದಲಾದ ಅಂತ ಕತೆ ಕಟ್ಟುವುದಿಲ್ಲ. ಸೋತಾಗ ಆಮೇಲೂ ಕಲ್ಲು ಒದೆಯುತ್ತಿದ್ದ. ಆದರೆ ಒದ್ದಾಗ ಅವನ ತಂಡದವರೇ ಅವನನ್ನು ಬೈದು ಕಲ್ಲು ಜೋಡಿಸುತ್ತಿದ್ದರು. ನನ್ನ ಹತ್ತಿರ ದೂರು ಬರುವುದು ನಿಂತಿತ್ತು.

ಈಗ ಇದನ್ನು ಎಲ್ಲ ಮಕ್ಕಳಿಗೂ ಕಲಿಸುತ್ತೇನೆ. ಸೋಮವಾರ ಬೆಳಗ್ಗೆ ಐದು ನಿಮಿಷ ನಾಟಕದ ಹಾಗೆ ಆಡಿಸುತ್ತೇನೆ. ಮೂವರು ಕೆರೆ-ದಡ ಆಡುತ್ತಿರುತ್ತಾರೆ, ಒಬ್ಬರು ಸೇರಿಕೊಳ್ಳಬೇಕು. ಮೊದಲು ನಿಂತು ನೋಡು. ಆಮೇಲೆ ಆಟಕ್ಕೆ ಬೇಕಾದದ್ದು ಒಂದು ಮಾಡು. ‘ನನ್ನನ್ನೂ ಸೇರಿಸಿಕೊಳ್ತೀರಾ?’ ಅನ್ನುವುದಕ್ಕಿಂತ ‘ಮುಂದಿನ ಆಟಕ್ಕೆ ನಾನೂ ಬರ್ತೀನಿ’ ಅನ್ನುವುದು ಹೆಚ್ಚು ಕೆಲಸ ಮಾಡುತ್ತದೆ. ಕೇಳಿದರೆ ‘ಬೇಡ’ ಅನ್ನುವುದು ಸುಲಭ. ಮುಂದಿನ ಆಟ ಅಂದರೆ ಈಗಿನ ಆಟ ನಿಲ್ಲಿಸಬೇಕಿಲ್ಲ. ಮಕ್ಕಳು ಇದನ್ನು ಬೇಗ ಹಿಡಿದುಕೊಳ್ಳುತ್ತಾರೆ.

ಇನ್ನು ನನ್ನ ನೋಟದ ವಿಷಯ. ಕೆಲವು ಮಕ್ಕಳು ಸದಾ ಸೆರಗು ಹಿಡಿದುಕೊಂಡೇ ಇರುತ್ತಾರೆ. ಒಬ್ಬ ಹುಡುಗಿ ಇಂಟರ್‌ವೆಲ್‌ನಲ್ಲಿ ಆಡಲು ಹೋಗದೆ ನನ್ನ ಬಳೆ ಎಣಿಸುತ್ತಾ, ಮನೆಯ ಸುದ್ದಿ ಹೇಳುತ್ತಾ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಚೆನ್ನಾಗಿ ಮಾತಾಡುತ್ತಿದ್ದಳು, ಕೇಳಲು ನನಗೂ ಖುಷಿ. 1964ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಿಶುಶಾಲೆಯ ಒಂದು ಅಧ್ಯಯನ ಪ್ರಕಟವಾಯಿತು. ಇವಳಂಥದ್ದೇ ನಾಲ್ಕು ವರ್ಷದ ಹುಡುಗಿಯ ಬಗ್ಗೆ. ಅಲ್ಲಿನ ಶಿಕ್ಷಕಿಯರು ಅವಳು ಬೇರೆ ಮಕ್ಕಳ ಜೊತೆ ಇದ್ದಾಗ ಮಾತ್ರ ಅವಳ ಕಡೆ ಗಮನ ಕೊಟ್ಟರು. ಅವಳು ಮಕ್ಕಳ ಜೊತೆ ಹೆಚ್ಚು ಆಡತೊಡಗಿದಳು. ಕೆಲವು ದಿನ ಮೊದಲಿನ ಹಾಗೆಯೇ ಮಾಡಿ ನೋಡಿದರು, ಹುಡುಗಿಯೂ ಮೊದಲಿನ ಹಾಗಾದಳು. ಮತ್ತೆ ಬದಲಿಸಿದರು, ಮತ್ತೆ ಆಡಿದಳು.

ನಾನು ಅಷ್ಟು ಕಟ್ಟುನಿಟ್ಟು ಮಾಡಲಿಲ್ಲ. ಹತ್ತಿರ ಬಂದ ಮಗುವನ್ನು ನೋಡದ ಹಾಗೆ ಇರಲು ನನ್ನಿಂದ ಆಗುವುದಿಲ್ಲ, ಆಗಲೂಬಾರದು. ಸುದ್ದಿ ಹೇಳಲು ಬಂದಾಗ ತಲೆ ಸವರಿ, ‘ಇದನ್ನ ಅವಳಿಗೂ ಹೇಳಬೇಕು, ಅವರ ಮನೇಲೂ ಮೇಕೆ ಇದೆ, ಬಾ’ ಅಂತ ಇನ್ನೊಂದು ಮಗುವಿನ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ಮೂವರೂ ಮಾತಾಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ನಾನು ಸುಮ್ಮನಾಗುತ್ತಿದ್ದೆ. ಅವರಿಬ್ಬರೂ ಕೂತು ಕಲ್ಲಾಟ ಆಡುವಾಗ ತಪ್ಪದೆ ಹೋಗಿ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಗೆಳತಿಯ ಜೊತೆ ಇದ್ದರೆ ಮಿಸ್ ತಾವಾಗಿಯೇ ಬರುತ್ತಾರೆ ಅನ್ನುವುದು ಮಗುವಿಗೆ ಬೇಗ ಗೊತ್ತಾಗುತ್ತದೆ. ದೀಪಾವಳಿ ರಜೆ ಮುಗಿಯುವ ಹೊತ್ತಿಗೆ ಅವಳಿಗೆ ನನ್ನ ಬಳೆ ಬೇಕಿರಲಿಲ್ಲ.

ಚಾಡಿ ಹೇಳುವುದೂ ಇದೇ ಜಾತಿಯದು. ‘ಮಿಸ್, ಇವನು ಚಪ್ಪರದ ದಾರ ಎಳೀತಿದಾನೆ.’ (ಚಪ್ಪರ ಅಂದರೆ ಮಕ್ಕಳ ಚಿತ್ರ ತೂಗುಹಾಕಲು ಕೋಣೆಯಲ್ಲಿ ಮೇಲೆ ಕಟ್ಟಿದ ದಾರಗಳು.) ಪೆಟ್ಟಾಗುವ ವಿಷಯವಾದರೆ ಕೂಡಲೇ ಏಳುತ್ತೇನೆ. ಇಲ್ಲದಿದ್ದರೆ ‘ಹೌದಾ? ನೀನು ಅವನಿಗೆ ಏನು ಹೇಳಿದೆ?’ ಅಂತ ಕೇಳುತ್ತೇನೆ. ಅಷ್ಟೇ ಸಾಕು.

ಮಾನಿಟರ್ ಪದ್ಧತಿ ನನ್ನ ಕೋಣೆಯಲ್ಲಿ ಇಲ್ಲ. ಟೀಚರ್ ಇಲ್ಲದಾಗ ಮಾತಾಡಿದವರ ಹೆಸರು ಬೋರ್ಡ್ ಮೇಲೆ ಬರೆಯುವ ಅಧಿಕಾರ ಏಳು ವರ್ಷದ ಮಗುವಿಗೆ ಯಾಕೆ ಬೇಕು? ಆ ಸೀಮೆಸುಣ್ಣ ಕೈಗೆ ಬಂದರೆ ರಬ್ಬರ್ ಲಂಚವೂ ಶುರುವಾಗುತ್ತದೆ. ಅದರ ಬದಲು ಕೆಲಸಗಳಿವೆ, ವಾರಕ್ಕೊಮ್ಮೆ ಕೈ ಬದಲಾಗುತ್ತವೆ. ಹವಾಮಾನ ನಕ್ಷೆ ತುಂಬುವುದು, ಕಾರ್ಡ್ ಜೋಡಿಸುವುದು, ಹಾಲಿನ ಲೋಟ ಎಣಿಸುವುದು, ಪೆನ್ಸಿಲ್ ಚೂಪು ಮಾಡುವುದು. ಎಲ್ಲವೂ ಬೇರೆಯವರಿಗೆ ಬೇಕಾದ ಕೆಲಸಗಳೇ ಆಗಿರಬೇಕು ಅನ್ನುವುದು ನನ್ನ ನಿಯಮ. ಪೆನ್ಸಿಲ್ ಚೂಪು ಮಾಡುವವರ ಹತ್ತಿರ ದಿನಕ್ಕೊಮ್ಮೆಯಾದರೂ ಎಲ್ಲರೂ ಬರುತ್ತಾರೆ. ಉಗುರು ಕಚ್ಚುತ್ತಿದ್ದ ಹುಡುಗಿಗೆ ನಾನು ಮೊದಲು ಕೊಟ್ಟದ್ದು ಅದನ್ನೇ. ಅವಳು ಮುರಿಯದ ಹಾಗೆ ಚೂಪು ಮಾಡುತ್ತಾಳೆ ಅನ್ನುವ ಮಾತು ಎರಡೇ ವಾರದಲ್ಲಿ ಹರಡಿತು. ಸರದಿ ಮುಗಿದ ಮೇಲೂ ಅವಳ ಹತ್ತಿರವೇ ಹೋಗುತ್ತಿದ್ದರು. ಮುಂದಿನ ಸಲ ಹೆಸರು ಕೇಳಿದಾಗ ಇಬ್ಬರು ಅವಳ ಹೆಸರು ಹೇಳಿದರು. ಅವತ್ತು ನನಗಾದ ಸಂತೋಷ ಹೇಳಲಾರೆ.

ಸ್ಟಾರ್ ಅಂಟಿಸುವುದನ್ನೂ ಇಟ್ಟುಕೊಂಡಿಲ್ಲ. 1973ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನಕ್ಕಾಗಿ ಸ್ಟ್ಯಾನ್‌ಫರ್ಡ್‌ನ ಶಿಶುಶಾಲೆಯಲ್ಲಿ ಚಿತ್ರ ಬರೆಯಲು ಇಷ್ಟಪಡುವ ಪುಟ್ಟ ಮಕ್ಕಳಿಗೆ ‘ಬರೆದರೆ ಬಹುಮಾನ’ ಅಂತ ಮೊದಲೇ ಹೇಳಿ ನೋಡಿದರು. ಬಂಗಾರದ ಬಣ್ಣದ ನಕ್ಷತ್ರ, ಕೆಂಪು ರಿಬ್ಬನ್. ಆಮೇಲೆ ಬಿಡುವಿನಲ್ಲಿ ಆ ಮಕ್ಕಳು ಬರೆಯುವುದೇ ಕಡಿಮೆಯಾಯಿತು. ನಾನು ಕಂಡ ತೊಂದರೆ ಇನ್ನೊಂದು: ಸ್ಟಾರ್ ಎಣಿಸಬಹುದು. ಎಣಿಸಿದ ಕೂಡಲೇ ಮೊದಲನೆಯವರು, ಕೊನೆಯವರು ಹುಟ್ಟುತ್ತಾರೆ. ನಮ್ಮ ಕೋಣೆಯ ಚಪ್ಪರಕ್ಕೆ ಎಲ್ಲರ ಚಿತ್ರವೂ ಹೋಗುತ್ತದೆ, ಯಾವುದನ್ನು ತೂಗುಹಾಕಬೇಕು ಅಂತ ಮಗುವೇ ಆರಿಸುತ್ತದೆ. ಕಲಿಕಾ ಏಣಿಯ ಜಂಬಕ್ಕೂ ಆ ಏಣಿಯಲ್ಲೇ ಒಂದು ದಾರಿ ಸಿಕ್ಕಿತು. ಒಂದು ಮೈಲಿಗಲ್ಲು ಈಗ ತಾನೇ ದಾಟಿದ ಮಗು, ಅಲ್ಲಿ ನಿಂತಿರುವ ಇನ್ನೊಂದಕ್ಕೆ ಹೇಳಿಕೊಡಬೇಕು. ನಿಧಾನ ಕಲಿಯುವವರೂ ಒಂದಲ್ಲ ಒಂದು ದಿನ ಯಾರಿಗಾದರೂ ಹೇಳಿಕೊಡುವವರಾಗುತ್ತಾರೆ. ಒಂದನೇ ತರಗತಿಯವರು ಅದೇ ಕೋಣೆಯಲ್ಲಿ ಇರುವುದರಿಂದ ಇದು ಸಾಧ್ಯ.

ಊಟದ ಸಾಲಿನ ಬಗ್ಗೆ ಬರೆಯದೆ ಇದ್ದರೆ ಸುಳ್ಳಾಗುತ್ತದೆ. ಯಾರ ಪಕ್ಕ ಕೂರಬಾರದು ಅನ್ನುವುದನ್ನು ಕೆಲವು ಮಕ್ಕಳು ಮನೆಯಿಂದಲೇ ಕಲಿತು ಬರುತ್ತಾರೆ. ಅದು ಜಾತಿ. ಆರು ವರ್ಷದ ಬಾಯಲ್ಲಿ ಅದು ‘ನಮ್ಮಜ್ಜಿ ಬೇಡ ಅಂದಿದಾರೆ’ ಅಂತ ಬರುತ್ತದೆ. ಗೆಳೆಯರ ನಡುವಿನ ಜಾಗವನ್ನು ಮಗು ತಾನೇ ಗಳಿಸಿಕೊಳ್ಳಲಿ ಅಂತ ಬೇರೆಲ್ಲ ಕಡೆ ಬಿಡುತ್ತೇನೆ. ಇಲ್ಲಿ ಬಿಡುವುದಿಲ್ಲ. ದಿನವೂ ಚೀಟಿ ಎತ್ತಿ ಸಾಲು ಮಾಡುತ್ತೇನೆ, ನಾನೂ ಚೀಟಿಯ ಪ್ರಕಾರವೇ ಕೂತು ಅದೇ ಅನ್ನ ಸಾರು ಉಣ್ಣುತ್ತೇನೆ. ಮೊಟ್ಟೆ ತಿನ್ನುವವರು, ಬಾಳೆಹಣ್ಣು ತಿನ್ನುವವರು ಅಕ್ಕಪಕ್ಕವೇ. ಒಬ್ಬ ಅಜ್ಜಿ ಕೇಳಲು ಬಂದಿದ್ದರು. ‘ಬನ್ನಿ ಅಜ್ಜಿ, ನೀವೂ ಒಂದು ಚೀಟಿ ಎತ್ತಿ, ಊಟ ಮಾಡ್ಕೊಂಡು ಹೋಗಿ’ ಅಂದೆ. ಉಣ್ಣಲಿಲ್ಲ. ಆದರೆ ಮೊಮ್ಮಗಳನ್ನು ಶಾಲೆ ಬಿಡಿಸಲೂ ಇಲ್ಲ.

ಹುಟ್ಟುಹಬ್ಬದ ಚಾಕೊಲೇಟ್ ಬಗ್ಗೆ ಪೋಷಕರ ಸಭೆಯಲ್ಲಿ ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು. ತಿಂಗಳ ಕೊನೆಯ ಶನಿವಾರ ಆ ತಿಂಗಳು ಹುಟ್ಟಿದವರಿಗೆಲ್ಲ ಒಟ್ಟಿಗೆ ಹಾಡು, ಎಲ್ಲರಿಗೂ ಕಡಲೆಮಿಠಾಯಿ. ‘ಠೂ’ ಬಿಟ್ಟು ಎರಡು ದಿನ ಮಾತಾಡದೆ ಇರುವ ಗೆಳತಿಯರ ನಡುವೆ ನಾನು ಹೋಗುವುದಿಲ್ಲ, ಅದು ತಾನಾಗಿ ರಾಜಿಯಾಗುತ್ತದೆ. ಒಬ್ಬಳ ಮೇಲೆ ಎಲ್ಲರೂ ‘ಠೂ’ ಬಿಟ್ಟರೆ ಮಾತ್ರ ಅದೇ ದಿನ ಹೋಗುತ್ತೇನೆ.

ಕಳೆದ ವರ್ಷ ಇನ್ನೊಂದು ವಿಷಯ ಗಮನಕ್ಕೆ ಬಂತು. ಶಾಲೆಯಲ್ಲಿ ಆಡಲು ಯೋಗ್ಯವಾದ ಚೆಂಡು ಒಂದೇ ಇತ್ತು. ಅದನ್ನು ಮೊದಲು ಹಿಡಿದವನು ಆವತ್ತಿನ ಯಜಮಾನ, ಯಾರು ಆಡಬೇಕು ಅಂತ ಹೇಳುವವನು ಅವನೇ. ಅಷ್ಟೊಂದು ಜಗಳ, ಅಷ್ಟೊಂದು ಅಳು ಆ ಒಂದು ಚೆಂಡಿನ ಸುತ್ತ ಇತ್ತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೇಳಿ ಆರು ರಬ್ಬರ್ ಚೆಂಡು, ನಾಲ್ಕು ಸ್ಕಿಪ್ಪಿಂಗ್ ಹಗ್ಗ ತರಿಸಿದೆ. ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ಬಿಳಿ ಬಣ್ಣದಲ್ಲಿ ನಾಲ್ಕು ಕಡೆ ಬರೆಸಿದೆ. ಜೂನ್‌ನಲ್ಲಿ ಹೊಸ ಮಕ್ಕಳು ಬಂದ ಮೊದಲ ವಾರ ಮೂರನೇ ತರಗತಿಯವರು ಅವರಿಗೆ ಲಗೋರಿ, ಕುಂಟೆಬಿಲ್ಲೆಯ ನಿಯಮ ಹೇಳಿಕೊಡುತ್ತಾರೆ. ಆಮೇಲೆ ಅಕ್ಷರ. ಚೆಂಡು ಬೇಕಾದವರು ಬೆಳಗ್ಗೆ ಬುಟ್ಟಿಯಿಂದ ತೆಗೆದುಕೊಂಡು ಸಂಜೆ ವಾಪಸ್ ಇಡುತ್ತಾರೆ. ಬುಟ್ಟಿ ಎಣಿಸುವುದು ಈ ವಾರ ಒಂದನೇ ತರಗತಿಯವರ ಸರದಿ.